ಬಿಸಿಲು ಬಿಲ್ಲೆಗಳು

ಹೋದ ವಾರ ಕೇಶ್ವಾಪುರದ ಪೂಜಾ ಸಾಮಾನಿನ ಅಂಗಡಿಯಿಂದ ಒಂದು ಪ್ಯಾಕೆಟ್ ಕುಳ್ಳು ತಂದೆ. ಕುಳ್ಳು ಎಂದರೆ ಸಗಣಿ ತಟ್ಟಿ ಒಣಗಿಸಿದ್ದು. ನಿಮಗೆ ಗೊತ್ತಿರುತ್ತದೆ, ಆದರೂ ಹೇಳಿದೆ, ಯಾಕೆಂದರೆ ಪ್ಯಾಕೆಟ್ಟಿನವರೂ ಅದನ್ನು ಹೇಳಿ, ಕೆಳಗೆ ಬಳಸುವ ವಿಧಾನವನ್ನು ಮೂರು ಭಾಷೆಯಲ್ಲಿ ಅಚ್ಚು ಹಾಕಿಸಿದ್ದರು. ನಮ್ಮವರು ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು. ಪುಣ್ಯತಿಥಿಯ ದಿನ ಮನೆತುಂಬ ಧೂಪ ಹಾಕಬೇಕು, ಧೂಪಕ್ಕೆ ಕೆಂಡ ಬೇಕು, ಕೆಂಡಕ್ಕೆ ಕುಳ್ಳು ಬೇಕು. ನವನಗರದ ನಮ್ಮ ಓಣಿಯಲ್ಲಿ ದನಗಳೇನೋ ಬೇಕಾದಷ್ಟು ತಿರುಗುತ್ತವೆ. ಆದರೆ ಅವುಗಳ ಹಿಂದೆ ಬುಟ್ಟಿ ಹಿಡಿದುಕೊಂಡು ಹೋಗುವ ಧೈರ್ಯ ನಿವೃತ್ತ ಶಿಕ್ಷಕಿಗೆ ಸಾಲದು.

ಮನೆಗೆ ಬಂದು ಪ್ಲಾಸ್ಟಿಕ್ ಹರಿದೆ. ಒಳಗೆ ಹನ್ನೆರಡು ಕುಳ್ಳು. ಹನ್ನೆರಡೂ ಒಂದೇ ಅಳತೆ, ಯಂತ್ರದಲ್ಲಿ ಒತ್ತಿದ ಬಿಸ್ಕೀಟಿನ ಹಾಗೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ, ಎಲ್ಲಿಯೂ ಬೆರಳಿನ ಗುರುತಿಲ್ಲ. ಬೆರಳು ಮೂಡದ ಕುಳ್ಳನ್ನು ನಾನು ಕಂಡದ್ದು ಅದೇ ಮೊದಲು. ನಮ್ಮವರಿದ್ದಿದ್ದರೆ ಟೇಪು ತಂದು ಒಂದೊಂದನ್ನೂ ಅಳೆಯುತ್ತಿದ್ದರು ಎಂದುಕೊಂಡೆ. ಅಂದುಕೊಂಡವಳೇ ಅದನ್ನು ಮೇಜಿನ ಮೇಲಿಟ್ಟೆ. ಯಾಕೆಂದರೆ ನಮ್ಮವರು ಕುಳ್ಳನ್ನು ನಿಜವಾಗಿಯೂ ಅಳೆದಿದ್ದರು. ಮೂವತ್ತು ವರ್ಷ ಅಳೆದರು. ಅವು ಕುಳ್ಳು ಎಂಬುದೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅದೇ ಮೇಜಿನ ಮೇಲೆ ಎರಡು ತಿಂಗಳಿಂದ ಒಂದು ಕಾಗದ ಬಿದ್ದಿತ್ತು. ನನ್ನ ತವರಿನ ಒಂದು ಹಳೆಯ ಗೋಡೆಯ ಬಳಿ ನಿಲ್ಲಿಸುವ ಕಲ್ಲಿನ ಫಲಕದ ಮೇಲೆ ಕೊರೆಸಬೇಕಾದ ಬರಹ. ನಮ್ಮವರು ಕಂಡುಹಿಡಿದ ಸಂಗತಿಗಳು, ಕೊನೆಯಲ್ಲಿ ಅವರ ಹೆಸರು. ‘ಸರಿ ಇದೆ’ ಎಂದು ನಾನು ಸಹಿ ಮಾಡಿ ಕೊಟ್ಟರೆ ಕೊರೆಯುವವನು ಕೆಲಸ ಶುರು ಮಾಡುತ್ತಾನೆ. ಸರಿ ಇರಲಿಲ್ಲ. ಅದಕ್ಕೇ ಕಾಗದ ಎರಡು ತಿಂಗಳು ಅಲ್ಲೇ ಬಿದ್ದಿತ್ತು.

ಮೊದಲು ಆ ಗೋಡೆಯ ಸಮಾಚಾರ ಹೇಳಿಬಿಡುತ್ತೇನೆ.

ನನ್ನ ತವರು ಧಾರವಾಡದ ಹತ್ತಿರದ ಮುಗದ. ಊರಿನಾಚೆ ಎರಡು ಹೊಲ ದಾಟಿದರೆ ದೇಸಾಯರ ವಾಡೆ, ವಾಡೆಯ ಬೆನ್ನಿಗೆ ಅವರ ತೋಟ. ತೋಟಕ್ಕೆ ಎಲ್ಲರೂ ಬೇಲಿ ಹಾಕುತ್ತಾರೆ, ಕಳ್ಳಿ ಹಚ್ಚುತ್ತಾರೆ, ಜಾಲಿಮುಳ್ಳು ಬಡಿಯುತ್ತಾರೆ. ಈ ತೋಟಕ್ಕೆ ಮಾತ್ರ ನಾಲ್ಕೂ ಕಡೆ ಎರಡಾಳೆತ್ತರದ ಗೋಡೆ. ಹೊರಮೈ ಕರಿಕಲ್ಲು, ಒಳಮೈ ಸುಟ್ಟ ಇಟ್ಟಿಗೆ, ಇಟ್ಟಿಗೆಯ ಮೇಲೆ ಸುಣ್ಣದ ಗಿಲಾವು. ಪೂರ್ವಕ್ಕೆ ಒಂದೇ ಬಾಗಿಲು, ಅದರ ಮೇಲೆ ಕಮಾನು. ನಡುವೆ ಬಾವಿ, ಬಾವಿಯಿಂದ ನಾಲ್ಕು ದಿಕ್ಕಿಗೂ ಕಲ್ಲಿನ ಕಾಲುವೆ. ಉತ್ತರದ ಗೋಡೆ ಉಳಿದ ಮೂರಕ್ಕಿಂತ ಒಂದು ಮೊಳ ಎತ್ತರ. ಊರವರು ಇದನ್ನು ‘ಗ್ವಾಡಿ ತ್ವಾಟ’ ಎನ್ನುತ್ತಿದ್ದರು. ತೋಟಕ್ಕಿಂತ ಗೋಡೆಯೇ ಮೊದಲು ಬರುವ ಹೆಸರು. ಒಳಗಿನ ಬೆಳೆಯನ್ನು ನೋಡಿದವರು ಯಾರೂ ಈ ಕ್ರಮವನ್ನು ತಪ್ಪೆನ್ನಲಿಲ್ಲ.

ಕಟ್ಟಿಸಿದ ದೇಸಾಯರಿಗೆ ಧಾರವಾಡದಲ್ಲಿ ಒಬ್ಬ ಸಾಹೇಬನ ಪರಿಚಯವಿತ್ತಂತೆ. ಆತ ತನ್ನ ದೇಶದ ದೊಡ್ಡ ಮನೆತನಗಳ ತೋಟವನ್ನು ವರ್ಣಿಸಿದ. ಅಲ್ಲಿ ತೋಟಕ್ಕೆ ಗೋಡೆ ಇರುತ್ತದೆ. ಉತ್ತರದ ಗೋಡೆ ದಿನವಿಡೀ ಬಿಸಿಲು ಕುಡಿದು, ಸಂಜೆಯ ಮೇಲೆ ಅದನ್ನು ಹಣ್ಣಿನ ಬಳ್ಳಿಗಳಿಗೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಹಿಮ ಬೀಳುವ ಊರಿನಲ್ಲೂ ದ್ರಾಕ್ಷಿ ಹಣ್ಣಾಗುತ್ತದೆ. ಬಿಸಿಲು ಸಾಲದಿದ್ದರೆ ಗೋಡೆಯೊಳಗೇ ಒಲೆ ಹಚ್ಚುತ್ತಾರೆ ಎಂದ. ದೇಸಾಯರು ಎಲ್ಲವನ್ನೂ ಕೇಳಿದರು. ಇಟ್ಟಿಗೆ ಎಷ್ಟು ದಪ್ಪ, ಒಲೆಯ ಹೊಗೆ ಎತ್ತಲಾಗಿ ಹೋಗಬೇಕು, ಬಳ್ಳಿ ಕಟ್ಟಲು ಮೊಳೆ ಎಷ್ಟು ದೂರಕ್ಕೆ ಎಂದು ಒಂದೊಂದಾಗಿ ಕೇಳಿ ತಿಳಿದರು. ನಮ್ಮ ಕಡೆ ಹಿಮ ಯಾವಾಗ ಬೀಳುತ್ತದೆ ಎಂಬುದನ್ನು ಮಾತ್ರ ಕೇಳಲಿಲ್ಲ.

ಗೋಡೆ ಹೇಳಿದಂತೆಯೇ ಎದ್ದಿತು. ದ್ರಾಕ್ಷಿಬಳ್ಳಿ ಹೇಳಿದಂತೆಯೇ ಹಬ್ಬಿತು. ಶಿವರಾತ್ರಿಯ ಹೊತ್ತಿಗೆ ಅದರ ಎಲೆಗಳು ಹಪ್ಪಳವಾದವು. ಪರದೇಶದಿಂದ ಬಂದ ಇನ್ನೊಂದು ಹಣ್ಣಿನ ಗಿಡ ಆಳೆತ್ತರ ಬೆಳೆದು, ಮುಂದೇನು ಎಂದು ತಿಳಿಯದವರ ಹಾಗೆ ನಿಂತೇಬಿಟ್ಟಿತು. ತೋಟಗಾರ ಬುದ್ಧಿವಂತ. ಮಲ್ಲಿಗೆ, ಕರಿಬೇವು, ಬಾಳೆ ಎಲ್ಲವನ್ನೂ ದಕ್ಷಿಣದ ಗೋಡೆಯ ನೆರಳಿಗೆ ಎಳೆದುಕೊಂಡು ಬಂದು ಬದುಕಿಸಿದ. ಗೋಡೆಯ ಹೊರಗೆ, ಯಾರೂ ಕೇಳದೆ ನಿಂತ ಮಾವು ಪೇರಲ ಮಾತ್ರ ವರ್ಷವರ್ಷವೂ ಜಗ್ಗಿ ಕಾಯಿ ಬಿಡುತ್ತಿದ್ದವು. ಉತ್ತರದ ಗೋಡೆ ಒಬ್ಬಂಟಿಯಾಗಿ ಸೂರ್ಯನನ್ನು ದಿಟ್ಟಿಸುತ್ತಾ ಕಾಯುತ್ತಾ ಉಳಿಯಿತು.

ಅದರ ಬೆಲೆ ಅರಿತವಳು ನಮ್ಮ ಅವ್ವ.

ಅವ್ವ ದೇಸಾಯರ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಳು. ಒಂದು ಸಲ ಸಂಜೆ ಆ ಗೋಡೆಗೆ ಬೆನ್ನು ಹಚ್ಚಿ ಕೂತವಳಿಗೆ ಅದು ಹಂಚಿನಷ್ಟು ಬೆಚ್ಚಗಿರುವುದು ತಿಳಿಯಿತು. ಮರುದಿನದಿಂದ ಕುಳ್ಳು ಅಲ್ಲೇ ಬಡಿಯತೊಡಗಿದಳು. ಬೇರೆಡೆ ನಾಲ್ಕು ದಿನ ಬೇಕಾಗುತ್ತಿದ್ದುದು ಅಲ್ಲಿ ಎರಡೇ ದಿನಕ್ಕೆ ಒಣಗುತ್ತಿತ್ತು. ಸಾಹೇಬ ಹೇಳಿದ್ದು ಏನು, ಯಾಕೆ ಎಂದು ಮುಗದದಲ್ಲಿ ಪೂರ್ತಿ ಅರ್ಥವಾದದ್ದು ಅವಳೊಬ್ಬಳಿಗೇ ಎಂದು ನನಗೆ ಈಗಲೂ ಅನಿಸುತ್ತದೆ.

ನನ್ನ ಬಾಲ್ಯದಲ್ಲಿದ್ದವರು ದೊಡ್ಡ ದೇಸಾಯರು, ಕಟ್ಟಿಸಿದವರ ಮೊಮ್ಮಗ. ಒಂದು ದಿನ ತೋಟಕ್ಕೆ ಬಂದವರು ಗೋಡೆ ನೋಡಿ ನಿಂತುಬಿಟ್ಟರು.

“ಏನಿದು? ನಮ್ಮಜ್ಜ ಕಟ್ಟಿಸಿದ ಗ್ವಾಡಿಗೆ ಶಗಣಿ ಬಡದೀಯಲ್ಲ?”

“ಗ್ವಾಡಿ ಖಾಲಿ ಕುಂತಿತ್ತರಿ, ಧಣ್ಯಾರ,” ಅಂದಳು ಅವ್ವ. “ಅದಕ್ಕೂ ಏನರ ಕೆಲಸಾ ಬೇಕಲ್ರಿ.”

ಅವರು ಬೈಯಲು ಬಾಯಿ ತೆಗೆದರು. ಅಷ್ಟರಲ್ಲಿ ತಮ್ಮ ಸ್ನಾನದ ನೀರು ಕಾಯುವುದೂ ಇದೇ ಕುಳ್ಳಿನಿಂದ ಎಂಬುದು ನೆನಪಾಯಿತೋ ಏನೋ, “ಸಾಲಾಗಿ ಬಡಿ, ಹ್ಯಾಂಗ್ ಬೇಕಾದಂಗ ಬಡೀಬ್ಯಾಡ” ಎಂದು ಹೇಳಿ ಹೋದರು. ಅಂದಿನಿಂದ ಸಾಲು ಬಂತು. ಮೇಲಿನ ಸಾಲುಗಳು ಅವ್ವನವು. ಎಂಟು ವರ್ಷದ ನನ್ನ ಕೈ ನಿಲುಕುವಷ್ಟು ಕೆಳಗಿನ ಒಂದು ಸಾಲು ನನ್ನದು.

ಅದೇ ವರ್ಷ ದೇಸಾಯರ ಮಗಳ ಮದುವೆ. ಬೀಗರನ್ನು ಕೂರಿಸಲು ತೋಟವನ್ನೇ ಆರಿಸಿದ್ದರು. ಸುಣ್ಣ ಬಳಿಯುವವರು ಬಂದ ಬೆಳಿಗ್ಗೆ ಗೋಡೆತುಂಬ ಹಸಿ ಕುಳ್ಳು. ವಾಡೆಯ ವ್ಯವಹಾರ ನೋಡುವ ಕಾರಭಾರಿ ಅವ್ವನಿಗೆ ಮುಂಚೆ ಹೇಳುವುದನ್ನೇ ಮರೆತಿದ್ದ. ಕೆರೆದರೆ ಗಿಲಾವೂ ಕಿತ್ತು ಬರುತ್ತಿತ್ತು. “ಅದರ ಮ್ಯಾಲೇ ಹೊಡೀರಿ, ಬೀಗರು ಬರೂ ಹೊತ್ತಾತು” ಎಂದು ಅವನು ಕೂಗಿದ. ಹೊಡೆದರು, ಒಂದರ ಮೇಲೊಂದು ಮೂರು ಬಳಿ. ಸಂಜೆ ಬೀಗರ ಪೈಕಿ ಹಿರಿಯರೊಬ್ಬರು ಗೋಡೆಯ ಮುಂದೆ ನಿಂತು, “ಏನ್ ಛಂದ ನಕ್ಷಿ ತೆಗಿಸೀರಿ ದೇಸಾಯರ” ಎಂದರು. ದೊಡ್ಡ ದೇಸಾಯರು ಮೀಸೆ ನೀವಿಕೊಂಡು, “ನಮ್ಮಜ್ಜಾರ ಕಾಲದ್ದರಿ” ಎಂದರು.

ಆ ಒಂದು ಮಾತಿನಿಂದ ಕುಳ್ಳು ಕಲೆಯಾಯಿತು. ಕಲೆಯಾದ ಮೇಲೆ ಅದರ ಮೇಲೆ ಕುಳ್ಳು ಬಡಿಯುವಂತಿಲ್ಲ. ಅವ್ವನನ್ನು ಕೊಟ್ಟಿಗೆಯ ಹಿಂದಿನ ಗೋಡೆಗೆ ಅಟ್ಟಿದರು. ಪ್ರತಿ ದೀಪಾವಳಿಗೆ ಮತ್ತೊಂದು ಬಳಿ ಸುಣ್ಣ ಬಿದ್ದು, ನಮ್ಮ ಕುಳ್ಳುಗಳು ಒಳಗೇ ಕಲ್ಲಾದವು.

ನಾನು ಓದಿದೆ, ಶಿಕ್ಷಕಿಯಾದೆ. ಕೇಶ್ವಾಪುರದಲ್ಲಿ ಕಿರಾಣಿ ಅಂಗಡಿ ಇದ್ದ ಮನೆಯಿಂದ ನೋಡಲು ಬಂದರು. ಹುಡುಗ ಸರಕಾರಿ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು. ಅತ್ತೆಯವರು ನನ್ನ ಅಂಗೈ ಹಿಡಿದು ನೋಡಿ, “ಕೈ ಮೆತ್ತಗ ಅದಾವ, ಹೊಲಮನಿ ಕೆಲಸಾ ಮಾಡಿದ ಕೈ ಅಲ್ಲ” ಎಂದು ಮೆಚ್ಚಿದರು. ಅದು ಸೀಮೆಸುಣ್ಣ ಹಿಡಿದು ಮೆತ್ತಗಾದ ಕೈ. ಅದಕ್ಕೂ ಮುಂಚೆ ಅದು ಏನು ಹಿಡಿದಿತ್ತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಹೊತ್ತಿಗೆ ಅದು ಸುಳ್ಳು ಅನಿಸಲಿಲ್ಲ, ಮರ್ಯಾದೆ ಅನಿಸಿತು.

ಮದುವೆಯಾದ ಮೇಲಿನ ಮೊದಲ ನಾಗರಪಂಚಮಿಗೆ ನಮ್ಮವರು ಮುಗದಕ್ಕೆ ಬಂದರು. ಬೆಳಿಗ್ಗೆ ತಿರುಗಾಡಲು ಹೋದವರು ಊಟದ ಹೊತ್ತಿಗೆ ಹೊಳೆಯುವ ಕಣ್ಣಿನಿಂದ ಮರಳಿದರು.

“ನಿಮ್ಮೂರಾಗ ಇಂಥಾದ್ದು ಇಟಗೊಂಡು ಒಂದ್ ಮಾತು ಹೇಳಲಿಲ್ಲ ನೀ. ಆ ಗ್ವಾಡಿ ಮ್ಯಾಲೆ ಬಿಲ್ಲಿ ಬಿಲ್ಲಿ ಮಾಡ್ಯಾರಲ್ಲ, ಅವು ಬರೇ ಚಿತ್ತಾರ ಅಲ್ಲ. ಬಿಸಿಲು ಹೀರಾಕ ಮಾಡಿದ್ದು. ಸಪಾಟ ಗ್ವಾಡಿಗಿಂತ ಉಬ್ಬು ಇದ್ದ ಗ್ವಾಡಿ ಹೆಚ್ಚು ಬಿಸಿಲು ಹಿಡೀತದ.”

ನಾನು ಅವ್ವನ ಮುಖ ನೋಡಿದೆ. ಅವ್ವ ಒಲೆಯ ಬಾಯಿ ನೋಡಿದಳು. ಒಲೆಯಲ್ಲಿ ಕುಳ್ಳು ಉರಿಯುತ್ತಿತ್ತು.

“ಛಲೋ ಹುಡಿಕೀರಿ ಅಳೇಂದ್ರ,” ಅಂದಳು ಅವ್ವ, ಸೆರಗನ್ನು ಬಾಯಿಗೆ ಒತ್ತಿಕೊಂಡು. “ಇನ್ನೊಂದು ಹೋಳಿಗಿ ಹಾಕ್ಲಿ?”

ಅಳಿಯನ ಮಾತನ್ನು ತಿದ್ದುವ ಪದ್ಧತಿ ನಮ್ಮ ಕಡೆ ಇಲ್ಲ. ಅಳಿಯ ಹಾಗಲಕಾಯಿ ಸಿಹಿ ಅಂದರೂ ಇನ್ನಷ್ಟು ಬಡಿಸುತ್ತಾರೆ. ಅದೂ ಒಂದು ಮನೆಯ ಅಳಿಯನೆಂದರೆ ಇಡೀ ಊರಿನ ಅಳಿಯ. ನಮ್ಮವರು ಮುದುಕ ಗೌಂಡಿಯನ್ನು ಹೋಗಿ ಕೇಳಿದರು. ಅವನು ಗೋಡೆಗೆ ಸುಣ್ಣ ಬಳಿದವರಲ್ಲಿ ಒಬ್ಬ. “ಹೌದ್ರಿ ಅಳೇಂದ್ರ, ಬಿಸಿಲಿಗೇ ಮಾಡಿದ್ದರಿ” ಅಂದ. ಸುಳ್ಳಲ್ಲ ನೋಡಿ, ಬಿಸಿಲಿಗೇ ಮಾಡಿದ್ದು. ದೊಡ್ಡ ದೇಸಾಯರನ್ನು ಕೇಳಿದರು. ಅವರಂತೂ ಮೊದಲೇ ಮೀಸೆ ನೀವಿಕೊಂಡಾಗಿತ್ತು.

ನಾನು ಹೇಳಬಹುದಿತ್ತು. ಮೊದಲ ವರ್ಷ ನಾಚಿಕೆಯಿಂದ ಹೇಳಲಿಲ್ಲ. ಗ್ಯಾಸಿನ ಒಲೆಯ ಮೇಲೆ ಅಡುಗೆ ಮಾಡುವ ಅತ್ತೆಯ ಮನೆಯಲ್ಲಿ ಸಗಣಿಯ ಮಾತು ತೆಗೆಯುವುದು ಹೇಗೆ? ಅತ್ತೆ ತೀರಿಕೊಂಡ ಮೇಲೆ ಹೇಳಬಹುದು ಎಂದುಕೊಂಡೆ. ಅಷ್ಟರಲ್ಲಿ ನಮ್ಮವರು ‘ಬಿಸಿಲು ಬಿಲ್ಲೆ’ ಎಂದು ಹೆಸರಿಟ್ಟು ಒಂದು ಪತ್ರಿಕೆಯ ಪುರವಣಿಗೆ ಬರೆದು, ಅದು ಅಚ್ಚಾಗಿ, ಕಚೇರಿಯವರೆಲ್ಲ ಚಹಾ ಕುಡಿದಾಗಿತ್ತು. ಅದಾದ ಮೇಲೆ ಹೇಳುವುದೆಂದರೆ ಅವರ ಕೈಯಿಂದ ಏನನ್ನೋ ಕಸಿದುಕೊಂಡ ಹಾಗೆ ಅನಿಸಿತು. ಹೀಗೆ ಒಂದೇ ಮೌನಕ್ಕೆ ಕಾರಣಗಳು ಬದಲಾಗುತ್ತಾ ಹೋದವು. ಮೌನ ಬದಲಾಗಲಿಲ್ಲ.

ಆಮೇಲೆ ನಮ್ಮ ಭಾನುವಾರಗಳೆಲ್ಲ ಆ ಗೋಡೆಯವು. ಸ್ಕೂಟರಿನಲ್ಲಿ ಹೋಗುತ್ತಿದ್ದೆವು. ಮುಂದೆ ಬುತ್ತಿ, ಹಿಂದೆ ನಾನು, ನನ್ನ ತೊಡೆಯ ಮೇಲೆ ಚರ್ಮದ ಡಬ್ಬಿಯ ಐವತ್ತು ಅಡಿ ಟೇಪು. ಟೇಪಿನ ಸೊನ್ನೆಯ ತುದಿ ಯಾವಾಗಲೂ ನನ್ನ ಕೈಗೆ.

“ಬಿಗಿ ಹಿಡಿ. ಸುಳ್ಳ ಅಳತಿ ಬರಬಾರದು.”

“ಹಿಡದೇನ್ರಿ.”

“ಮಾರಿ ಯಾಕ ಆ ಕಡೆ ಮಾಡೀದಿ?”

“ಬಿಸಿಲ್ರಿ.”

ಅವರನ್ನು ದಡ್ಡರೆಂದು ತಿಳಿಯಬೇಡಿ. ಗೋಡೆಯೊಳಗಿನ ಹೊಗೆಯ ದಾರಿಯನ್ನು ಕಂಡುಹಿಡಿದವರು ಅವರೇ. ಹೊರಬದಿಯ ಒಲೆಯ ಬಾಯನ್ನು ಯಾರೋ ಯಾವಾಗಲೋ ಕಲ್ಲು ಇಟ್ಟು ಮುಚ್ಚಿದ್ದರು. ಅಂಥದ್ದೊಂದು ಇದೆ ಎಂದೇ ವಾಡೆಯವರಿಗೆ ಮರೆತುಹೋಗಿತ್ತು. ನಮ್ಮವರು ಗೋಡೆಯನ್ನು ಮಾರು ಮಾರಿಗೆ ಬಡಿದು, ಕಿವಿಯಿಟ್ಟು ಕೇಳಿ, ಪೊಳ್ಳು ಇರುವಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾ ಹೋದರು. ಗೆರೆ ಹಾವಿನಂತೆ ಮೂರು ಸಲ ಹೊರಳಿ ಮೂಲೆಯ ಚಿಮಣಿಗೆ ಮುಟ್ಟಿತು. ಕಲ್ಲು ತೆಗೆಸಿ ಕೈ ಹಾಕಿದರೆ ಮಸಿ. ಅಂದರೆ ಧಾರವಾಡದ ಬಿಸಿಲು ಸಾಲದೆಂದು ಆ ಪುಣ್ಯಾತ್ಮ ದೇಸಾಯರು ಒಲೆಯನ್ನೂ ಹಚ್ಚಿಸಿದ್ದರು. ಆ ದಿನ ಕರಿ ಕೈಯನ್ನು ನನ್ನ ಮುಂದೆ ಹಿಡಿದು ಅವರು ನಕ್ಕ ನಗುವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅವರಿಗೆ ನಿಜವಾಗಿ ಸಿಕ್ಕದ್ದು ಅದು. ಆದರೆ ಹೆಸರು ತಂದುಕೊಟ್ಟದ್ದು ಬಿಲ್ಲೆಗಳು.

ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೆ ಒಮ್ಮೆ, “ಬಿಲ್ಲಿ ಲೆಕ್ಕದಾಗ ಒಂದು ಉಳದದ. ವಿಚಾರಸಬೇಕಿತ್ತು” ಅಂದರು. ನಾನು ಮಂಚಕ್ಕೆ ಸರಿದು ಕೂತೆ. “ನಿಮಗೊಂದು ಹೇಳೂದೈತ್ರಿ” ಅಂದೆ. “ಮೊದಲ ನೀರು ಕೊಡು” ಅಂದರು. ಕೊಟ್ಟೆ. ಕುಡಿದು ನಿದ್ದೆ ಹೋದರು. ಹೇಳಲು ಇನ್ನೂ ದಿನಗಳಿವೆ ಎಂದು ನಾನೂ ನೆಮ್ಮದಿಪಟ್ಟೆ. ಇರಲಿಲ್ಲ.

ಈಗ ವಾಡೆಯಲ್ಲಿರುವವರು ಸಣ್ಣ ದೇಸಾಯರು, ದೊಡ್ಡವರ ಮೊಮ್ಮಗ. ಗೋಡೆ ತೋಟವನ್ನು ಮದುವೆಗಳಿಗೆ ಬಾಡಿಗೆ ಕೊಡುತ್ತಾರೆ. ಒಳಗೆ ಹುಲ್ಲು ಹಾಸಿದ್ದಾರೆ, ಬಾವಿಗೆ ಜಾಳಿಗೆ ಹಾಕಿಸಿ ಮೇಲೆ ವೇದಿಕೆ ಮಾಡಿದ್ದಾರೆ. ವಧೂವರರು ಬಿಲ್ಲೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡು ತಿಂಗಳ ಹಿಂದೆ ಸಣ್ಣ ದೇಸಾಯರು ಆ ಫಲಕದ ಕಾಗದ ಹಿಡಿದು ನಮ್ಮ ಮನೆಗೆ ಬಂದಿದ್ದರು. “ಅಕ್ಕೋರ, ಕಾಕಾ ಅವ್ರ ಹೆಸರು ಕಲ್ಲಿನ್ಯಾಗ ಇರಬೇಕ್ರಿ. ಪುಣ್ಯತಿಥಿ ದಿನಾನ ನಿಲ್ಲಸೋಣು” ಎಂದಿದ್ದರು. ಚಹಾ ಮಾಡಿಕೊಟ್ಟು, ಓದಿ ಹೇಳುತ್ತೇನೆ ಎಂದಿದ್ದೆ.

ಬೆರಳಿಲ್ಲದ ಆ ಕುಳ್ಳು ನೋಡಿದ ದಿನ ನಮ್ಮವರು ಗೋಡೆಯ ಅಳತೆ ಬರೆದಿಡುತ್ತಿದ್ದ ದಪ್ಪ ವಹಿಯನ್ನು ಕಪಾಟಿನಿಂದ ತೆಗೆದೆ. ನಿಜ ಹೇಳುತ್ತೇನೆ, ಒಂದು ಆಸೆ ಇತ್ತು. ಅವರಿಗೆ ಗೊತ್ತಿದ್ದಿರಬಹುದು, ನನ್ನ ಮರ್ಯಾದೆಗಾಗಿ ಅವರೂ ಸುಮ್ಮನಿದ್ದಿರಬಹುದು, ಎಲ್ಲೋ ಒಂದು ಮೂಲೆಯಲ್ಲಿ ಬರೆದಿಟ್ಟಿರಬಹುದು ಎಂಬ ಆಸೆ. ಹಾಗಾಗಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು. ಮೊದಲ ಪುಟದಿಂದ ಓದಿದೆ. ಗೊತ್ತಿರಲಿಲ್ಲ. ಪುಟಪುಟಕ್ಕೂ ಗೊತ್ತಿರಲಿಲ್ಲ. ಅಚ್ಚುಕಟ್ಟಾದ ಅಕ್ಷರಗಳಲ್ಲಿ, ಕೆಂಪು ನೀಲಿ ಶಾಯಿಗಳಲ್ಲಿ, ಸ್ವಲ್ಪವೂ ಅನುಮಾನವಿಲ್ಲದೆ ಗೊತ್ತಿರಲಿಲ್ಲ.

ಪ್ರತಿ ಬಿಲ್ಲೆಗೂ ಒಂದು ನಂಬರು, ಅಗಲ, ಉಬ್ಬು. ಕೊನೆಯ ಕಾಲಮು ‘ಕಾರಣ’. ಎಲ್ಲದಕ್ಕೂ ಕಾರಣ ತುಂಬಿತ್ತು. ಒಂದಕ್ಕೆ ಮಾತ್ರ ಇರಲಿಲ್ಲ. ಕೆಳಗಿನ ಸಾಲು, ಎಡತುದಿ. ಅದಕ್ಕೆ ಅವರು ಇಡೀ ಒಂದು ಪುಟ ಕೊಟ್ಟು, ಇದ್ದ ಗಾತ್ರದಲ್ಲೇ ಚಿತ್ರ ಬರೆದಿದ್ದರು. ಸಣ್ಣ ಬಿಲ್ಲೆ, ಅದರ ಮೇಲೆ ಐದು ಗೆರೆ. ‘ಉಳಿದ ಗೆರೆಗಳೆಲ್ಲ ಸವೆದಿವೆ, ಇದರವು ಉಳಿದಿವೆ. ಶಂಖವೇ? ತಾವರೆಯ ಎಸಳೇ? ಐದನೆಯದು ಸ್ವಲ್ಪ ಸೊಟ್ಟ’ ಎಂದು ಬರೆದು, ಒಂದೊಂದು ಗೆರೆಯ ಉದ್ದವನ್ನೂ ಕೂದಲೆಳೆ ತಪ್ಪದೆ ಗುರುತು ಹಾಕಿದ್ದರು. ಕಾರಣದ ಕಾಲಮಿನಲ್ಲಿ ಪೆನ್ಸಿಲಿನಿಂದ ‘ವಿಚಾರಿಸಬೇಕು’ ಎಂದಿತ್ತು.

ಐದನೆಯದು ಸೊಟ್ಟ. ಎಂಟನೆಯ ವರ್ಷಕ್ಕೆ ಕೊಟ್ಟಿಗೆಯ ಬಾಗಿಲಿಗೆ ಸಿಕ್ಕಿದ ಕಿರುಬೆರಳು, ಈಗಲೂ ಸೊಟ್ಟಗೇ ಇದೆ. ಆ ಚಿತ್ರ ಬರೆದ ದಿನ ಅವರು ಊಟ ಬಿಟ್ಟು ಆ ಒಂದು ಬಿಲ್ಲೆಯ ಮುಂದೆ ಮೊಣಕಾಲೂರಿ ಕೂತಿದ್ದರು. ನಾನು ಬುತ್ತಿ ಹಿಡಿದು ಹಿಂದೆ ನಿಂತು, “ರೊಟ್ಟಿ ಆರತಾವ ಏಳ್ರಿ” ಎನ್ನುತ್ತಿದ್ದೆ.

ಮರುದಿನ ಬಸ್ಸು ಹಿಡಿದು ಮುಗದಕ್ಕೆ ಹೋದೆ. ಸಣ್ಣ ದೇಸಾಯರನ್ನು ಗೋಡೆಯ ಮುಂದೆ ಕುರ್ಚಿ ಹಾಕಿಸಿ ಕೂರಿಸಿ ಎಲ್ಲವನ್ನೂ ಹೇಳಿದೆ. ಹೇಳುವಾಗ ಶಾಲೆಯಲ್ಲಿ ಪಾಠ ಮಾಡುವ ದನಿಯೇ ಬಂತು. ಅವರು ತಲೆ ತಗ್ಗಿಸಿ ಕೇಳಿದರು. ಆಶ್ಚರ್ಯಪಡಲಿಲ್ಲ.

“ಅಕ್ಕೋರ, ಖರೇ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮನ್ಯಾಗ ಎಲ್ಲಾರಿಗೂ ಗೊತ್ತೈತ್ರಿ.”

“ಮತ್ತ ಅವರಿಗೆ ಒಬ್ಬರೂ ಹೇಳಲಿಲ್ಲಲ್ಲ?”

“ಊರ ಅಳಿಯಾರು. ಅದೂ ಅಷ್ಟು ಪ್ರೀತಿಲೆ ಹೇಳಾವ್ರು. ಹ್ಯಾಂಗ್ ಹೇಳೂದ್ರಿ?” ತಲೆಯೆತ್ತಿ ನನ್ನನ್ನು ನೋಡಿ, “ನೀವೂ ಹೇಳಲಿಲ್ಲಲ್ರಿ” ಎಂದರು.



“ಬೋರ್ಡಿನ್ಯಾಗ ಕುಳ್ಳು ಅಂತ ಬರಸ್ರಿ,” ಅಂದೆ. “ಬಡದಾಕಿ ನಮ್ಮವ್ವ ಅಂತನೂ ಬರಸ್ರಿ.”

ಅವರು ಮೈ ಸರಿಪಡಿಸಿಕೊಂಡು ಕೂತರು. “ಮದುವಿ ಆಗೂ ಜಾಗಾ ಐತ್ರಿ ಅಕ್ಕೋರ. ಮಂದಿ ಬೆನ್ನು ಹಚ್ಚಿ ಫೋಟೋ ತೆಗಿಸ್ಕೊಂತಾರ. ಶಗಣಿ ಅಂತ ಬರದ್ರ ಹ್ಯಾಂಗ್ರಿ? ಇದ್ದಂಗ ಬಿಟ್ಟುಬಿಡ್ರಿ, ಕಾಕಾ ಅವ್ರ ಹೆಸರರ ಉಳೀತದ.”

ಉಳಿಯುತ್ತಿತ್ತು. ಕಲ್ಲಿನಲ್ಲಿ, ನಾನು ಹೋದ ಮೇಲೂ, ತಪ್ಪಿನ ಕೆಳಗೆ. ಗೋಡೆ ಆ ಹೊತ್ತಿಗೆ ಚೆನ್ನಾಗಿ ಕಾದಿತ್ತು. ಅದರ ಶಾಖ ಬೆನ್ನಿಗೆ ತಾಗುತ್ತಿತ್ತು. ಸೊನ್ನೆಯ ತುದಿ ಹಿಡಿದು ನಾನು ನಿಲ್ಲುತ್ತಿದ್ದುದು ಅಲ್ಲಿಯೇ. ಸುಳ್ಳ ಅಳತಿ ಬರಬಾರದು ಎಂದು ಅವರು ಹೇಳುತ್ತಿದ್ದುದು ನನಗೇ.

ಕಾಗದ ತೆಗೆದು ಬಿಲ್ಲೆಗಳಿದ್ದ ನಾಲ್ಕು ಸಾಲನ್ನು ಹೊಡೆದುಹಾಕಿದೆ. ಶಿಕ್ಷಕಿಯ ಪರ್ಸಿನಲ್ಲಿ ಕೆಂಪು ಪೆನ್ನು ಯಾವಾಗಲೂ ಇರುತ್ತದೆ. ಆ ಜಾಗದಲ್ಲಿ, ಗೋಡೆಯೊಳಗಿನ ಒಲೆ ಮತ್ತು ಹೊಗೆಯ ದಾರಿಯನ್ನು ಬಡಿದು ಕೇಳಿ ಕಂಡುಹಿಡಿದವರು ಇವರು ಎಂದು ಬರೆದು ಸಹಿ ಮಾಡಿದೆ. ಸಣ್ಣ ದೇಸಾಯರು ಓದಿ, “ಬಿಲ್ಲಿ ಸುದ್ದೀನ ಇಲ್ಲಲ್ರಿ ಇದರಾಗ. ಮಂದಿ ಕೇಳಿದ್ರ ಏನ್ ಹೇಳೂದ್ರಿ?” ಎಂದರು.

“ಅಜ್ಜಾರ ಕಾಲದ್ದು ಅನ್ರಿ. ನಿಮ್ಮನ್ಯಾಗ ರೂಢಿ ಐತಲ್ಲ.”

 ಅವರು ಜೋರಾಗಿ ನಕ್ಕರು. ನನಗೂ ನಗು ಬಂತು. ವರ್ಷದ ಮೇಲೆ ಬಂದದ್ದು.

ಇವತ್ತು ಮುಂಜಾನೆ ಪುಣ್ಯತಿಥಿ ಆಯಿತು. ನಾನು ಸಹಿ ಮಾಡಿದ್ದು ತಡವಾದ್ದರಿಂದ ಕಲ್ಲು ಇನ್ನೂ ಕೊರೆಯುವವನ ಬಳಿಯೇ ಇದೆ. ಪ್ಯಾಕೆಟ್ಟಿನ ಕುಳ್ಳು ಚೆನ್ನಾಗಿಯೇ ಉರಿಯಿತು. ಬೆರಳಿಲ್ಲದಿದ್ದರೂ ಕೆಂಡಕ್ಕೇನೂ ಕೊರತೆಯಾಗಲಿಲ್ಲ. ಮನೆಗೆ ಬಂದ ಮಂದಿ ಉಂಡು ಹೋದ ಮೇಲೆ, ಧೂಪದ ವಾಸನೆ ಇನ್ನೂ ಇರುವಾಗಲೇ, ವಹಿಯನ್ನು ಮತ್ತೆ ತೆರೆದೆ. ಅವರು ಬರೆದ ಚಿತ್ರದ ಮೇಲೆ ನನ್ನ ಅಂಗೈ ಇಟ್ಟೆ. ಪೂರ್ತಿ ಮುಚ್ಚಿಹೋಯಿತು. ಕೈ ತೆಗೆದು, ‘ವಿಚಾರಿಸಬೇಕು’ ಎಂಬುದರ ಕೆಳಗೆ ಅವರದೇ ಪೆನ್ಸಿಲಿನಿಂದ ಬರೆದೆ: ‘ಶಂಖವಲ್ಲ, ತಾವರೆಯಲ್ಲ. ಕುಳ್ಳು. ಎಂಟು ವರ್ಷದ ನನ್ನ ಕೈ.’

ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಸಾಲು ಸೇರಿಸಿದೆ. ‘ಅಳತೆ ಸರಿ ಇದೆ.’